ಒಳಗೆ ಬಂದವನು

"ಬಾಗಿಲು ತೆಗೀರಿ! ಒಳಗೆ ನಾನಿದ್ದೀನಿ... ತೆಗೀರಿ!"

ತಬಿತಾ ಎರಡೂ ಕೈಗಳಿಂದ ತಗಡಿನ ಶೆಡ್ಡಿನ ಬಾಗಿಲು ಬಡಿದಳು. ಹೊರಗೆ ಚಿಲಕ ಬಿದ್ದ ಸದ್ದು ಅವಳ ಎದೆಯ ಮೇಲೇ ಬಿದ್ದಂತಿತ್ತು.

ಬಾಗಿಲ ಪಕ್ಕದಲ್ಲಿ ಸರಳುಗಳ ಪುಟ್ಟ ಕಿಟಕಿ. ಅದರಾಚೆ ಒಬ್ಬ ಯುವಕ ಕೈಯಲ್ಲಿ ಬೀಗ ಹಿಡಿದು ನಿಂತಿದ್ದ. ಹೋದ ತಿಂಗಳಷ್ಟೇ ಎಸ್ಟೇಟಿನ ಲೆಕ್ಕ ಬರೆಯಲು ಬಂದ ಹೊಸ ರೈಟರ್, ಯೋನಾಸ್. ಭಾನುವಾರದ ಪ್ರಾರ್ಥನೆಯಲ್ಲಿ ಅವಳು ಅವನನ್ನು ದೂರದಿಂದ ಕಂಡಿದ್ದಳು. ಮಾತಾಡಿದ್ದು ಇದೇ ಮೊದಲು.

"ಯಾರನ್ನ ಕೇಳಿ ಒಳಗೆ ಹೋದ್ರಿ ನೀವು?"

"ದೇವೀರಮ್ಮನಿಗೆ ಜ್ವರ ಅಂದ್ರು, ನೋಡೋಕೆ ಬಂದೆ. ನೋಡಿ ಆಯ್ತು, ಹೋಗ್ತೀನಿ. ತೆಗೀರಿ!"

"ಅದು ಬರೀ ಜ್ವರ ಅಲ್ಲ." ಅವನ ಮುಖ ಬಿಳಿಚಿಕೊಂಡಿತ್ತು. "ಸಿಡುಬು."

ತಬಿತಾ ತಟ್ಟನೆ ತಿರುಗಿ ನೋಡಿದಳು. ಮೂಲೆಯ ಚಾಪೆಯ ಮೇಲೆ ಮುದುಕಿ ನರಳುತ್ತಿದ್ದಳು. ಹಣೆಯ ಮೇಲೆ, ತೋಳಿನ ಮೇಲೆ ಕೆಂಪಗೆ ಎದ್ದ ಗುಳ್ಳೆಗಳು ಈಗ ಸ್ಪಷ್ಟವಾಗಿ ಕಂಡವು.

ಅಯ್ಯೋ ದೇವರೇ...!

"ನಾಳೆ ಬೆಳಿಗ್ಗೆ ನನ್ನ ಬಸ್ಸು. ಮಂಗಳೂರಿಗೆ ಹೋಗ್ಬೇಕು. ದಮ್ಮಯ್ಯ, ಬಿಟ್ಬಿಡಿ! ನೀವೂ ಕ್ರೈಸ್ತರೇ ಅಲ್ವಾ? ದೇವರ ಮುಖ ನೋಡಿಯಾದ್ರೂ ಬಿಡಿ!"

ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಬೀಗ ಸಿಕ್ಕಿಸಿ ಕೀಲಿ ತಿರುಗಿಸಿದ.

"ಈ ಬೀಗದ ಮಧ್ಯೆ ದೇವರನ್ನ ತರಬೇಡಿ. ಕೆಳಗೆ ಲೈನುಮನೆಗಳ ತುಂಬ ಕೂಲಿಯೋರ ಮಕ್ಕಳಿದ್ದಾರೆ. ಒಳಗೆ ಹೋದವರು ಹೊರಗೆ ಬರೋ ಹಾಗಿಲ್ಲ."

"ನಿಮಗೆ ಹೃದಯ ಅನ್ನೋದೇ ಇಲ್ವಾ?"

ಅವನು ಬೆನ್ನು ತಿರುಗಿಸಿ ನಡೆದ. ಇಳಿಜಾರಿನ ಕಾಫಿ ಗಿಡಗಳ ನಡುವೆ ಅವನ ಬಿಳಿ ಅಂಗಿ ಮರೆಯಾಯಿತು.

ಆ ಕ್ಷಣದಲ್ಲಿ ತಬಿತಾ ಅವನನ್ನು ದ್ವೇಷಿಸಿದಳು. ಬದುಕಿನಲ್ಲಿ ಯಾರನ್ನೂ ಹಾಗೆ ದ್ವೇಷಿಸಿರಲಿಲ್ಲ!

* * *

ಅದು ಬ್ರಿಟಿಷರ ಕಾಲ. ಮಲ್ಲಂದೂರಿನ ಮೇಲಿನ ಗುಡ್ಡದಲ್ಲಿ ಒಬ್ಬ ದೊರೆಯ ಕಾಫಿ ಎಸ್ಟೇಟು. ತಬಿತಾಳ ಅಪ್ಪ ಕ್ರೈಸ್ತ ಸಭೆಯ ಉಪದೇಶಿ. ಎಸ್ಟೇಟಿನಿಂದ ಎಸ್ಟೇಟಿಗೆ ನಡೆದು ಸುವಾರ್ತೆ ಹೇಳುತ್ತಿದ್ದವರು. ಅವರು ತೀರಿಕೊಂಡ ಮೇಲೆ, ತಾಯಿಯೂ ಇಲ್ಲದ ತಬಿತಾ ಬಂಗಲೆಯಲ್ಲಿ ದೊರೆಸಾನಿಯ ಮಗುವಿಗೆ ಆಯಾ ಆದಳು.

ಅವಳಿಗೆ ಇದ್ದದ್ದು ಒಂದೇ ಕನಸು. ಮಂಗಳೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಬೇಕು.

ಅದಕ್ಕಾಗಿ ದಿನವೂ ಮೊಣಕಾಲೂರಿ ಬೇಡಿದ್ದಳು. ಕೊನೆಗೂ ತರಬೇತಿಗೆ ಕರೆ ಬಂದಿತ್ತು. ಪೆಟ್ಟಿಗೆ ಕಟ್ಟಿಯಾಗಿತ್ತು. ಅಪ್ಪ ಸತ್ತಾಗ ತನ್ನನ್ನು ಮಡಿಲಲ್ಲಿಟ್ಟುಕೊಂಡು ಸಂತೈಸಿದ ದೇವೀರಮ್ಮನಿಗೆ ಒಂದು ಮಾತು ಹೇಳಿ ಹೋಗೋಣವೆಂದು ಗುಡ್ಡ ಹತ್ತಿದ್ದಳು, ಅಷ್ಟೇ.

ಮರುದಿನ ಬೆಳಿಗ್ಗೆ ದೂರದ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸರಳು ಹಿಡಿದು ನಿಂತವಳ ಕಣ್ಣು ಒಣಗಿಹೋಗಿತ್ತು.

'ಕೊಟ್ಟ ಹಾಗೆ ಮಾಡಿ ಕಿತ್ಕೊಂಡೆಯಲ್ಲ ತಂದೆ... ಯಾಕೆ? ನಾನೇನು ತಪ್ಪು ಮಾಡಿದೆ?'

ಮಾಘದ ಬಿಸಿಲಿಗೆ ತಗಡಿನ ಮಾಡು ಕಾದ ಬಾಣಲೆಯಾಗುತ್ತಿತ್ತು. ಉಸಿರು ಕಟ್ಟುತ್ತಿತ್ತು. ಎತ್ತ ತಿರುಗಿದರೂ ಗೋಡೆ. ದಿನವೂ ಯೋನಾಸ್ ತಾನೇ ಗಂಜಿ, ನೀರು, ಬೇವಿನ ಸೊಪ್ಪು ತಂದು ಕಿಟಕಿಯ ಹೊರಗಿನ ಕಲ್ಲಿನ ಮೇಲಿಡುತ್ತಿದ್ದ.

"ತಬಿತಾ ಅವ್ರೇ... ಏನಾದ್ರೂ ಬೇಕಿತ್ತಾ?"

ಅವಳು ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಅವನು ಹೊರಟುಹೋಗುತ್ತಿದ್ದ.

ಮುದುಕಿಗೆ ಅವಳು ಗಂಜಿ ಕೊಡುತ್ತಿದ್ದದ್ದು ದೂರದಿಂದಲೇ. ಸೆರಗನ್ನು ಮೂಗಿಗೆ ಬಿಗಿದು, ಬಟ್ಟಲನ್ನು ಕೋಲಿನಿಂದ ತಳ್ಳುತ್ತಿದ್ದಳು. ಭಯ! ಮುಟ್ಟಿದರೆ ತನಗೂ ಬಂದೀತೆಂಬ ಭಯ.

ದೇವೀರಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಒಡೆದ ತುಟಿಯಲ್ಲೇ ಕೇಳಿದಳು, "ಮಗಾ... ನಿಮ್ಮಪ್ಪ ಹೇಳ್ತಿದ್ರಲ್ಲ, ನಿಮ್ ಯೇಸುಸ್ವಾಮಿ ಕಥೆ. ಒಂದು ಹೇಳೇ. ಹೊತ್ತೇ ಹೋಗಲ್ಲ."

ತಬಿತಾಳಿಗೆ ಕಥೆ ಹೇಳುವ ಮನಸ್ಸಿರಲಿಲ್ಲ. ಆದರೂ ಬಾಯಿಪಾಠವಾಗಿದ್ದ ಒಂದನ್ನು ಹೇಳತೊಡಗಿದಳು. ಕುಷ್ಠರೋಗಿಯೊಬ್ಬ ಯೇಸುವಿನ ಕಾಲಿಗೆ ಬಿದ್ದದ್ದು. ಮನಸ್ಸು ಮಾಡಿದರೆ ನನ್ನನ್ನು ಶುದ್ಧ ಮಾಡಬಲ್ಲೆ ಎಂದು ಬೇಡಿದ್ದು. ಯೇಸು ಕೈಚಾಚಿ ಅವನನ್ನು ಮುಟ್ಟಿದ್ದು. ರೋಗ ವಾಸಿಯಾದದ್ದು.

"ಮುಟ್ಟಿದ್ನಾ?" ದೇವೀರಮ್ಮನ ಊದಿದ ಕಣ್ಣುಗಳು ಅರಳಿದವು. "ವಾಸಿ ಆಗೋ ಮುಂಚೇನಾ, ಆದ್ಮೇಲಾ?"

"ಮುಂಚೆ."

"ಯಾಕೆ ಮುಟ್ಟಿದ? ದೇವ್ರಲ್ವಾ... ದೂರದಿಂದ ಒಂದು ಮಾತಂದಿದ್ರೆ ಸಾಕಿತ್ತಲ್ಲ!"

ತಬಿತಾ ಮುದುಕಿಯ ಕಡೆ ತಿರುಗಿದಳು. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ ಕಥೆ! ಈ ಪ್ರಶ್ನೆ ಒಮ್ಮೆಯೂ ತಲೆಗೆ ಬಂದಿರಲಿಲ್ಲವಲ್ಲ!

ಮುದುಕಿಯೇ ಹೇಳಿದಳು, "ಪಾಪ... ಅವನನ್ನ ಯಾರೂ ಮುಟ್ಟೇ ಎಷ್ಟೋ ಕಾಲ ಆಗಿತ್ತೇನೋ. ರೋಗಕ್ಕಿಂತ ಅದೇ ಜಾಸ್ತಿ ನೋಯ್ತದೆ ಮಗಾ."

ತಬಿತಾಳ ಎದೆಯಲ್ಲಿ ಏನೋ ಒಡೆಯಿತು.

ಅವಳು ಕೋಲನ್ನು ಬದಿಗಿಟ್ಟು ಎದ್ದಳು. ಮೂಗಿನ ಸೆರಗು ಬಿಚ್ಚಿದಳು. ದೇವೀರಮ್ಮನ ಪಕ್ಕ ಕೂತು, ಸುಡುವ ಹಣೆಯ ಮೇಲೆ ಮೆಲ್ಲನೆ ಅಂಗೈ ಇಟ್ಟಳು.

"ಬೇಡ ಕಣೇ!" ಮುದುಕಿ ಗಾಬರಿಯಾದಳು.

"ಇರಲಿ ಬಿಡು ದೇವೀರಮ್ಮ," ಎಂದಳು ತಬಿತಾ, ಅಳುತ್ತಾ. "ನಂಗೆ ಈಗಷ್ಟೇ ಅರ್ಥ ಆಗ್ತಿದೆ."

* * *

ಒಂದು ದಿನ ಗಂಜಿ ತಂದವನು ಯೋನಾಸ್ ಅಲ್ಲ, ಸುಬ್ಬಣ್ಣ ಮೇಸ್ತ್ರಿ.

"ರೈಟ್ರು ಎಲ್ಲಿ?" ಬಾಯಿತಪ್ಪಿ ಕೇಳಿದಳು ತಬಿತಾ.

"ಚಿಕ್ಕಮಗಳೂರಿಗೆ ಹೋದ್ರವ್ವ. ಯಾವಾಗ ಬರ್ತಾರೋ ಗೊತ್ತಿಲ್ಲ. ದೊರೆ, ದೊರೆಸಾನಿ ಮೊನ್ನೇನೇ ಊಟಿಗೆ ಹೊರಟೋದ್ರು."

ಓಹೋ! ಓಡಿಹೋದ! ನಮ್ಮನ್ನು ಪಂಜರದೊಳಗೆ ಹಾಕಿ, ತಾನು ಜೀವ ಉಳಿಸಿಕೊಂಡ! ತಬಿತಾ ಕಹಿಯಾಗಿ ನಕ್ಕಳು. ಆದರೆ ಕಿಟಕಿಯ ಆಚೆ ಆ ದನಿ ಇಲ್ಲದ ದಿನಗಳು ಇನ್ನಷ್ಟು ಉದ್ದವಾದವು. ಅದನ್ನು ಅವಳು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

ಆ ವಾರದ ಕೊನೆಗೆ, ಅವಳ ತೊಡೆಯ ಮೇಲೆಯೇ ದೇವೀರಮ್ಮ ಉಸಿರು ಬಿಟ್ಟಳು. ಹಿಂದೆ ಸಿಡುಬು ಬಂದು ಉಳಿದಿದ್ದ ಇಬ್ಬರು ಆಳುಗಳು ಬಂದು ಹೆಣ ಒಯ್ದರು. ಬಾಗಿಲು ಮತ್ತೆ ಮುಚ್ಚಿತು.

ಈಗ ಅವಳೊಬ್ಬಳೇ.

ಎರಡು ದಿನ ಕಳೆಯುವಷ್ಟರಲ್ಲಿ ಸೊಂಟ ಮುರಿದಂಥ ನೋವು, ಮೈಯೆಲ್ಲ ಬೆಂಕಿ. ಏನೆಂದು ಅವಳಿಗೆ ಗೊತ್ತಾಯಿತು.

"ತಂದೆಯೇ, ಬಾಗಿಲು ತೆಗಿ!" ಎಂದು ಕಿರುಚಿದಳು. "ಇಷ್ಟು ಬೇಡಿದ್ದೀನಿ, ಕೇಳಿಸ್ತಾ ಇಲ್ವಾ?"

ತಗಡು ಬಿಸಿಲಿಗೆ ಟಕ್ ಟಕ್ ಎಂದಿತು. ಮತ್ತೇನೂ ಇಲ್ಲ.

ನೆಲಕ್ಕೆ ಕೆನ್ನೆಯಾನಿಸಿ ಬಿದ್ದಿದ್ದಾಗ ಅವಳಿಗೆ ನೆನಪಾದದ್ದು ಇನ್ನೊಂದು ಬೇಡಿಕೆ. ಶಿಲುಬೆಗೇರುವ ಹಿಂದಿನ ರಾತ್ರಿ, ತೋಟದಲ್ಲಿ ಮುಖ ಅಡಿಯಾಗಿ ಬಿದ್ದವನೊಬ್ಬ. ಈ ನೋವಿನ ಪಾತ್ರೆ ನನ್ನಿಂದ ತೆಗೆದುಬಿಡು ಎಂದು ಅವನೂ ಬೇಡಿದ್ದ. ಒಮ್ಮೆಯಲ್ಲ, ಮತ್ತೆ ಮತ್ತೆ. ಗೆಳೆಯರು ನಿದ್ದೆ ಹೋಗಿದ್ದರು. ಪಾತ್ರೆಯನ್ನು ಯಾರೂ ತೆಗೆಯಲಿಲ್ಲ.

'ನಿನಗೂ ಬಾಗಿಲು ತೆರೀಲಿಲ್ಲ ಅಲ್ವಾ ಸ್ವಾಮಿ...?'

ಎಂದೂ ಹೀಗೆ ಯೋಚಿಸಿರಲಿಲ್ಲ ಅವಳು. ಅವಳ ಯೇಸು ಯಾವಾಗಲೂ ಹೊರಗೆ, ಕೀಲಿ ಹಿಡಿದು ನಿಂತವನು. ಬೇಡಿದರೆ ತೆಗೆಯುವವನು, ಮುನಿದರೆ ತೆಗೆಯದವನು. ಈಗ ಕಂಡವನು ಹಾಗಿರಲಿಲ್ಲ. ಈ ಕತ್ತಲ ಶೆಡ್ಡಿನಲ್ಲಿ, ಈ ಮಣ್ಣಿನ ಮೇಲೆ, ತನ್ನ ಪಕ್ಕದಲ್ಲೇ ಬೆವತು ಬಿದ್ದವನು.

"ತಂದೆಯೇ... ನಿನ್ನ ಇಷ್ಟ," ಎಂದು ಪಿಸುಗುಟ್ಟಿದಳು. "ಬಾಗಿಲು ತೆಗೀದಿದ್ರೂ ಪರವಾಗಿಲ್ಲ. ಹೋಗ್ಬೇಡ. ಇಲ್ಲೇ ಇರು."

ಭಯ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಏನೋ ಬಂದು ಕೂತಿತು.

* * *

ಬೀಗ ತೆಗೆದ ಸದ್ದಾಯಿತು.

ತಬಿತಾ ಕಷ್ಟಪಟ್ಟು ಕಣ್ಣು ತೆರೆದಳು. ಬಾಗಿಲಲ್ಲಿ ಯೋನಾಸ್! ಗಡ್ಡ ಬೆಳೆದಿತ್ತು, ಅಂಗಿಯೆಲ್ಲ ಧೂಳು.

ಅವನು ಒಳಗೆ ಕಾಲಿಟ್ಟ.

"ನಿಮಗೇನು ಹುಚ್ಚಾ!" ಅವಳು ಗೋಡೆಗೆ ಸರಿದಳು. "ಹೊರಗೆ ಹೋಗಿ! ಒಳಗೆ ಬಂದವರು..."

"ಹೊರಗೆ ಹೋಗೋ ಹಾಗಿಲ್ಲ. ಗೊತ್ತು. ಆ ಮಾತು ಹೇಳಿದವನೇ ನಾನು."

ಅವನು ಬಾಗಿಲೆಳೆದುಕೊಂಡ. ಹೊರಗೆ ನಿಂತಿದ್ದ ಸುಬ್ಬಣ್ಣನಿಗೆ ಕಿಟಕಿಯಿಂದ ಕೀಲಿ ಕೊಟ್ಟ.

"ಬೀಗ ಹಾಕು ಮಾರಾಯ."

"ರೈಟ್ರೇ, ಯೋಚ್ನೆ ಮಾಡಿ..." ಮೇಸ್ತ್ರಿ ಕೀಲಿ ಹಿಡಿದು ಹಿಂಜರಿದ.

"ಮಾಡಿ ಆಯ್ತು. ಹಾಕು."

ಬೀಗ ಬಿತ್ತು.

ತಬಿತಾ ದಂಗಾಗಿ ನೋಡುತ್ತಿದ್ದಳು. "ನೀವು... ಓಡಿಹೋಗಿದ್ರಲ್ಲ?"

"ಓಡಿದ್ದು ನಿಜ. ಲಸಿಕೆ ಹಾಕೋರನ್ನ ಕರ್ಕೊಂಡು ಬರೋಕೆ." ಅವನು ಮಣ್ಣಿನ ಮಡಕೆಯಿಂದ ನೀರು ಬಗ್ಗಿಸುತ್ತಾ ಹೇಳಿದ. "ಚಿಕ್ಕಮಗಳೂರಲ್ಲಿ ಮದ್ದು ಮುಗ್ದಿತ್ತು. ಹಾಸನಕ್ಕೆ ಹೋದೆ, ಕಾದೆ. ಹೊರಡೋ ಮುಂಚೆ ಕಿಟಕಿ ಹತ್ರ ಬಂದು ಕರೆದೆ. ನೀವು ತಿರುಗ್ಲಿಲ್ಲ."

"ಮಕ್ಕಳಿಗೆ...?"

"ಲೈನಲ್ಲಿ ಇರೋ ಎಲ್ರಿಗೂ ಹಾಕಿ ಆಯ್ತು. ಒಂದು ಮಗುಗೂ ಬಂದಿಲ್ಲ. ಇನ್ನು ಹೊರಗೆ ನನಗೇನೂ ಕೆಲಸ ಇಲ್ಲ."

ಅವನ ತೋಳಿನ ಮೇಲೆ ಚುಚ್ಚಿದ ಹಸಿ ಗಾಯ ಕಂಡಿತು. ಅದು ಅವನನ್ನು ಕಾಪಾಡುತ್ತದೋ ಇಲ್ಲವೋ, ಅವನಿಗೂ ತಿಳಿದಿರಲಿಲ್ಲ.

"ಯಾಕೆ ಬಂದ್ರಿ?" ಅವಳು ಕೇಳಿದಳು.

"ನಾನೇ ಹಾಕಿದ ಬೀಗ. ಇನ್ನೊಂದ್ಸಲ ಅಂಥ ಹೊತ್ತು ಬಂದ್ರೂ ಹಾಕೇ ಹಾಕ್ತೀನಿ. ಆದ್ರೆ ಅದರ ಹಿಂದೆ ನೀವೊಬ್ರೇ ಇರೋದು... ನನ್ನ ಕೈಲಿ ಆಗ್ಲಿಲ್ಲ."

ನೀರಿನ ಬಟ್ಟಲನ್ನು ಅವಳ ತುಟಿಗಿಟ್ಟು, ಇನ್ನೊಂದು ಕೈಯಿಂದ ಅವಳ ತಲೆಯನ್ನು ಎತ್ತಿ ಹಿಡಿದ.

ಮುಟ್ಟಿದ!

ತಬಿತಾ ಅತ್ತಳು. ಆದರೆ ಆ ಅಳು ಬೇರೆಯದಾಗಿತ್ತು.

* * *

ಅವಳು ಉಳಿದಳು. ಲಸಿಕೆ ಹಿಡಿದದ್ದರಿಂದ ಅವನಿಗೆ ಸಿಡುಬು ಬರಲಿಲ್ಲ. ಗುಳ್ಳೆಗಳ ಹಕ್ಕಳೆಯೆಲ್ಲ ಉದುರಿದ ಮೇಲೆ ಬಾಗಿಲು ತೆರೆಯಿತು. ಶೆಡ್ಡಿಗೆ ಬೆಂಕಿ ಕೊಟ್ಟರು.

ಹೊರಗೆ ಕಾಫಿ ಹೂ ಬಿರಿದು ಗುಡ್ಡವೆಲ್ಲ ಬೆಳ್ಳಗಾಗಿತ್ತು. ಆದರೆ ತಬಿತಾಳಿಗೆ ಬಿಡುಗಡೆಯಾಗಲಿಲ್ಲ. ಊಟಿಯಿಂದ ಬಂದ ದೊರೆಸಾನಿ ಅವಳ ಕಲೆಬಿದ್ದ ಮುಖ ನೋಡಿ, "ಮಗು ಹೆದರುತ್ತೆ, ಬೇಡ" ಎಂದಳು. ಸುಬ್ಬಣ್ಣನ ಹೆಂಡತಿ ತನ್ನ ಮನೆಯಲ್ಲಿ ಒಂದು ಮೂಲೆ ಕೊಟ್ಟಳು. ಅಲ್ಲಿ ತಬಿತಾ ಸೆರಗನ್ನು ಹಣೆಯಿಂದ ಗಲ್ಲದವರೆಗೆ ಎಳೆದುಕೊಂಡು ಕೂತಳು. ಈಗ ಮುಖವೇ ಪಂಜರ!

ಯೋನಾಸ್ ಬಂದು ನೇರವಾಗಿಯೇ ಕೇಳಿದ್ದ, "ನನ್ನ ಮದುವೆ ಆಗ್ತೀರಾ?"

"ಕನಿಕರಕ್ಕೆ ತಾಳಿ ಕಟ್ಟೋದು ಬೇಡ," ಎಂದು ಬಾಗಿಲು ಹಾಕಿಕೊಂಡಿದ್ದಳು. ಬಾಗಿಲ ಹಿಂದೆ ಬಾಯಿಗೆ ಕೈ ಒತ್ತಿ ಅತ್ತದ್ದು ಅವನಿಗೆ ಕೇಳಿಸಲಿಲ್ಲ.

ಮುಂದಿನ ಭಾನುವಾರ, ಕಾಫಿ ತೂಕದ ಮನೆಯಲ್ಲಿ ಪ್ರಾರ್ಥನೆ. ಪಾದ್ರಿಗಳು ಚಿಕ್ಕಮಗಳೂರಿನಿಂದ ಬಂದಿದ್ದರು. ತಬಿತಾ ಎಲ್ಲರ ಹಿಂದೆ ಕೂತಿದ್ದಳು.

"ತಬಿತಾ, ಆಸ್ಪತ್ರೆಯವರು ಕೇಳಿದ್ದಾರಮ್ಮ," ಎಂದರು ಪಾದ್ರಿಗಳು. "ಸಿಡುಬು ಬಂದು ಉಳಿದವರು ಆ ರೋಗದ ವಾರ್ಡಿಗೆ ಬೇಕಂತೆ. ಜೂನಿಗೆ ಬಂದು ತರಬೇತಿಗೆ ಸೇರಬಹುದು."

ಅವಳಿಗೆ ನಂಬಲಾಗಲಿಲ್ಲ. ಬೇಡಿದ್ದು ಸಿಕ್ಕಿತ್ತು. ಆದರೆ ಬೇಡಿದ ದಾರಿಯಲ್ಲಲ್ಲ.

"ಯಾರಾದ್ರೂ ಪ್ರಾರ್ಥನೆ ಮಾಡ್ತೀರಾ?" ಪಾದ್ರಿಗಳು ಕೇಳಿದರು.

ಎದ್ದು ನಿಂತವನು ಯೋನಾಸ್! ಅವನು ಪ್ರಾರ್ಥಿಸಿದ್ದನ್ನು ಆ ಎಸ್ಟೇಟಿನಲ್ಲಿ ಯಾರೂ ಕೇಳಿರಲಿಲ್ಲ.

"ದೇವರೇ..." ಗಂಟಲು ಸರಿಮಾಡಿಕೊಂಡ. "ನನಗೆ ಪ್ರಾರ್ಥನೆ ಬರಲ್ಲ. ಅಮ್ಮ ಸತ್ತ ಮೇಲೆ ಬಿಟ್ಟಿದ್ದೆ. ಶೆಡ್ಡಿನಲ್ಲಿ ಅವರು ಜ್ವರದಲ್ಲಿ ನಿನ್ನ ಹತ್ರ ಮಾತಾಡೋದು ಕೇಳಿದೆ. ಪಕ್ಕದಲ್ಲಿ ಕೂತವರ ಹತ್ರ ಮಾತಾಡೋ ಹಾಗಿತ್ತು. ಆವತ್ತು ನೀನಿದ್ದೀಯ ಅಂತ ನಂಬಿದೆ. ಅವರು ಆಸ್ಪತ್ರೆಗೆ ಹೋಗ್ಲಿ. ತಡೆಯೋಲ್ಲ. ಆದ್ರೆ... ಅವರಿಲ್ದೆ ನನಗೆ ತುಂಬ ಕಷ್ಟ ಆಗುತ್ತೆ. ಅದನ್ನೂ ನೋಡ್ಕೋ. ಆಮೆನ್."

ಯಾರೋ ಕಿಸಕ್ಕೆಂದರು. ಪಾದ್ರಿಗಳು ಕೆಮ್ಮಿದರು. ತಬಿತಾ ಎದ್ದು ಹೊರಗೆ ನಡೆದಳು.

ಅವನು ಹಿಂದೆಯೇ ಬಂದ. "ತಪ್ಪಾಯ್ತು... ಎಲ್ಲರೆದುರು ಹಾಗೆ..."

ಅವಳು ತಿರುಗಿದಳು. ಮೆಲ್ಲನೆ ಸೆರಗು ಸರಿಸಿದಳು. ಹಗಲ ಬೆಳಕು ಮುಖದ ಮೇಲೆ ಬಿತ್ತು.

"ನಿಜ ಹೇಳಿ. ಹೇಗಿದೆ?"

ಅವನು ಗಮನವಿಟ್ಟು ನೋಡಿದ. "ಕೆನ್ನೆ ಮೇಲೆ ಜಾಸ್ತಿ ಇದೆ. ಹಣೇಲಿ ಕಮ್ಮಿ. ಮೂಗಿನ ತುದೀಲಿ ಒಂದು ದೊಡ್ಡದಿದೆ."

"ಅಯ್ಯೋ! ಒಂದು ಸುಳ್ಳು ಹೇಳೋಕೂ ಬರಲ್ವಾ ನಿಮಗೆ?"

"ಕನಿಕರ ಇದ್ದಿದ್ರೆ ಹೇಳ್ತಿದ್ದೆ."

ತಬಿತಾ ನಕ್ಕಳು. ಎಷ್ಟು ಕಾಲದ ಮೇಲೆ! ನಗುನಗುತ್ತಲೇ ಕಣ್ಣು ತುಂಬಿತು.

"ತರಬೇತಿ ಮುಗಿಯೋವರೆಗೆ ಮದುವೆ ಆಗೋ ಹಾಗಿಲ್ಲ. ಕಾಯ್ತೀರಾ?"

"ಕಾಯ್ತೀನಿ."

"ಬೇಜಾರಾಗಲ್ವಾ?"

"ಆಗುತ್ತೆ. ದಿನಾ ಆಗುತ್ತೆ."

ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಹಾಗಾದ್ರೆ ದಿನಾ ಪ್ರಾರ್ಥನೆ ಮಾಡಿ."

"ಏನಂತ ಮಾಡ್ಲಿ? ನನಗೆ ಬರಲ್ವಲ್ಲ..."

"ಈಗಷ್ಟೇ ಮಾಡಿದ್ರಲ್ಲ," ಎಂದಳು ತಬಿತಾ. "ಹಾಗೇ."