ಕಡ ಕೊಟ್ಟ ಕತ್ತಲೆ

"ನಿಮ್ಮ ಮನೇಲಿ ಸ್ವಲ್ಪ ಕತ್ತಲೆ ಸಿಗುತ್ತಾ?"

ಬಾಗಿಲು ತೆಗೆದವನಿಗೆ ತಾನಿನ್ನೂ ನಿದ್ದೆಯಲ್ಲೇ ಇದ್ದೇನೆ ಅನ್ನಿಸಿತು. ಸಕ್ಕರೆ ಕೇಳಿಕೊಂಡು ಬಂದವರಿದ್ದಾರೆ, ಏಣಿ ಕೇಳಿಕೊಂಡು ಬಂದವರಿದ್ದಾರೆ. ಕತ್ತಲೆಯನ್ನು ಕಡ ಕೇಳಿಕೊಂಡು ಈವರೆಗೆ ಯಾರೂ ಬಂದಿರಲಿಲ್ಲ.

ಎದುರು ಮನೆಗೆ ಹೊಸದಾಗಿ ಬಂದಿದ್ದ ಹುಡುಗಿ ಅವಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಎರಡೂ ಕೈಯಲ್ಲಿ ಒಂದು ಕುಂಡ ಹಿಡಿದು ನಿಂತಿದ್ದಳು. ಕುಂಡದ ತುಂಬ ಚಪ್ಪಟೆ ಹಸಿರು ಗೆಣ್ಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸುತ್ತಲೂ ಜೋತುಬಿದ್ದಿದ್ದವು.

"ನನಗಲ್ಲ, ಗಿಡಕ್ಕೆ" ಎಂದಳು, ಅವನ ಮುಖ ನೋಡಿ ಗಾಬರಿಯಾಗಿ. "ಕ್ರಿಸ್‌ಮಸ್ ಕ್ಯಾಕ್ಟಸ್. ಸಂಜೆಯಿಂದ ಬೆಳಗಿನ ತನಕ ಗಾಢ ಕತ್ತಲೆಯಲ್ಲಿ ಇಟ್ರೆ ಮಾತ್ರ ಮೊಗ್ಗು ಬರುತ್ತೆ. ನಮ್ಮ ಕಿಟಕಿ ಎದುರಿಗೇ ಬೀದಿ ದೀಪ. ಅದರ ಪಕ್ಕ ಮೆಡಿಕಲ್ ಶಾಪಿನ ಬೋರ್ಡು, ರಾತ್ರಿಯಿಡೀ ಮಿಣಮಿಣ ಅಂತಿರುತ್ತೆ. ನಿಮ್ಮ ಮನೆ ಹಿಂದುಗಡೆ. ಸಂಜೆಗೇ ದೀಪ ಆರಿಸಿ ಮಲಗ್ತೀರಂತೆ?"

"ಯಾರು ಹೇಳಿದ್ರು?"

"ಕೆಳಗಿನ ಮನೆಯವರು. ನಿಮ್ಮನ್ನ ಗೂಬೆರಾಯ ಅಂತಾರೆ." ನಾಲಿಗೆ ಕಚ್ಚಿಕೊಂಡಳು. "ಪ್ರೀತಿಯಿಂದಲೇ ಅಂತಾರೆ."

ಅವನು ಬೇಕರಿಯಲ್ಲಿ ಬ್ರೆಡ್ ಮಾಡುವವನು. ಊರು ಎದ್ದು ಹಲ್ಲುಜ್ಜುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತಿತ್ತು. ಹಾಗಾಗಿ ಸಂಜೆ ಬೆಳಕಿರುವಾಗಲೇ ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿಬಿಡುತ್ತಿದ್ದ. ಮೂವತ್ತೈದು ದಾಟಿದ ಒಂಟಿ ಗಂಡಸು. ಈ ಹೊತ್ತುಗೆಟ್ಟ ದಿನಚರಿಗೆ ಯಾವ ಹೆಣ್ಣು ಹೊಂದಿಕೊಂಡಾಳು ಎಂದು ಅವನೇ ಆ ಆಸೆಯನ್ನು ಅಟ್ಟಕ್ಕೆ ಹಾಕಿ ಬಹಳ ದಿನವಾಗಿತ್ತು.

"ಕೊಡಿ" ಎಂದು ಕುಂಡಕ್ಕೆ ಕೈಯೊಡ್ಡಿದ.

ಅಂದಿನಿಂದ ಅದೊಂದು ಪರಿಪಾಠವೇ ಆಯಿತು. ಸಂಜೆ ಅವಳು ಅಂಗಡಿಯಿಂದ ಓಡೋಡಿ ಬಂದು ಕುಂಡ ಕೊಟ್ಟು ಹೋಗುವಳು. ಬೆಳಿಗ್ಗೆ ಅವನು ಕೆಲಸ ಮುಗಿಸಿ ಬಂದು ಅದನ್ನು ಅವಳ ಬಾಗಿಲಿಗೆ ಒಯ್ಯುವನು. ಅವನ ಕಿಟಕಿಯೆದುರು ಪಕ್ಕದ ಕಟ್ಟಡದ ಗೋಡೆ. ಬಿಸಿಲು ಬೀಳುವುದು ಅವಳ ಮನೆಯಲ್ಲೇ.

"ಕತ್ತಲೆ ನಿಮ್ಮದು, ಬೆಳಕು ನಮ್ಮದು" ಎಂದು ನಗುತ್ತಿದ್ದಳು ಅವಳು. ನಗುವಾಗ ಮೊದಲು ಕಣ್ಣು ಕಿರಿದಾಗಿ, ಆಮೇಲೆ ತುಟಿ ಅರಳುತ್ತಿತ್ತು. ಆ ಎರಡರ ನಡುವಿನ ಚೂರು ಹೊತ್ತಿಗಾಗಿ ಅವನು ಬೇಕರಿಯಿಂದ ಬರುವ ದಾರಿಯಲ್ಲಿ ಹೆಜ್ಜೆ ಬಿರುಸಾಗಿ ಹಾಕುವುದನ್ನು ಕಲಿತ.

ಕುಂಡದ ಜೊತೆ ಒಂದು ದಿನ ಬಿಸಿ ಬನ್ ಹೋಯಿತು. ಮರುದಿನವೂ ಹೋಯಿತು.

"ಬಾಡಿಗೆ ನಾನು ಕೊಡ್ಬೇಕು, ನೀವು ಕೊಡ್ತಿದೀರಲ್ಲ?"

"ಗಿಡಕ್ಕೆ ತಂದೆ. ಅದು ತಿನ್ನಲ್ಲ ಅಂತು."

ಅವಳು ಬನ್ ಮುರಿದು ಬಾಯಿಗಿಟ್ಟುಕೊಂಡು, ಕಣ್ಣಿನ ಪರೀಕ್ಷೆ ಮಾಡುವವರ ಗಾಂಭೀರ್ಯದಿಂದ ಅವನ ಮುಖದ ಹತ್ತಿರ ಬಾಗಿದಳು. "ಕಣ್ಣು ಕೆಂಪಾಗಿದೆ. ನಿದ್ದೆ ಸಾಲ್ತಿಲ್ಲ. ಗಿಡ ಗೊರಕೆ ಹೊಡೆಯುತ್ತಾ?"

ಅವನ ಕಿವಿ ಒಲೆಯ ಮುಂದೆ ನಿಂತಷ್ಟು ಬಿಸಿಯಾಯಿತು.

ಗಿಡಕ್ಕೆ ಬೆಳಕು ತಾಗಬಾರದೆಂದು ಅವನು ಎದ್ದು ಹೊರಡುವಾಗಲೂ ಕೋಣೆಯ ದೀಪ ಹಾಕುತ್ತಿರಲಿಲ್ಲ. ತಡಕಾಡಿಕೊಂಡೇ ಬಟ್ಟೆ ತೊಡುವನು. ಒಂದು ದಿನ ಅಂಗಿ ಉಲ್ಟಾ ಹಾಕಿಕೊಂಡು ಬೇಕರಿಗೆ ಹೋದ. ಒಲೆಯ ಮೇಸ್ತ್ರಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಮೇಲಿಂದ ಕೆಳಗೆ ನೋಡಿದ.

"ಏನಯ್ಯಾ, ಕರೆಂಟ್ ಹೋಗಿತ್ತಾ?"

"ಇಲ್ಲ ಮೇಸ್ತ್ರಿ. ಗಿಡ ಮಲಗಿತ್ತು."

"ಗಿಡವೋ, ಗಿಡದ ಯಜಮಾನಿಯೋ?" ಎಂದು ಮೇಸ್ತ್ರಿ ನಕ್ಕ ನಗುವಿಗೆ ಹಿಟ್ಟಿನ ಧೂಳು ಹಾರಿತು.

ಚಳಿ ಶುರುವಾದ ಮೇಲೆ ಒಂದು ಮುಂಜಾನೆ ಗೆಣ್ಣಿನ ತುದಿಗಳಲ್ಲಿ ಸಾಸಿವೆ ಗಾತ್ರದ ಕೆಂಪು ಚುಕ್ಕಿಗಳು ಕಂಡವು. ಅವನು ಕುಂಡವನ್ನು ಮುಟ್ಟದೆ ಹೋಗಿ ಅವಳ ಬಾಗಿಲು ತಟ್ಟಿದ. ಅವಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಂದಳು. ಬಂದವಳು ಕಿಟಕಿಕಟ್ಟೆಯ ಮುಂದೆ ಮಂಡಿಯೂರಿ ಕೂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಮೊಗ್ಗು! ಇನ್ಮೇಲೆ ಇದನ್ನ ಅಲುಗಿಸಬಾರದು. ಜಾಗ ಬದಲಾದ್ರೆ ಪಟಪಟ ಅಂತ ಉದುರಿಹೋಗುತ್ತೆ. ಇಲ್ಲೇ ಇರಲಿ, ನಾನೇ ಬಂದು ನೋಡ್ಕೊಂಡು ಹೋಗ್ತೀನಿ. ತೊಂದ್ರೆ ಇಲ್ಲ ತಾನೆ?"

ತೊಂದರೆಯೇ? ದಿನಾ ಬರುತ್ತಾಳೆ! ಅವನ ಎದೆಯೊಳಗೆ ಹಿಟ್ಟು ಉಬ್ಬಿದಂತೆ ಏನೋ ಉಬ್ಬಿತು. ಪರದೆಯನ್ನು ಇನ್ನಷ್ಟು ಸರಿಸಲು ಕೈಯೆತ್ತಿದ.

"ಅವರು ಬರೋ ಹೊತ್ತಿಗೆ ಸರಿಯಾಗಿ ಅರಳುತ್ತೆ ನೋಡಿ!" ಎಂದಳು ಅವಳು.

ಕೈ ಪರದೆಯ ಮೇಲೇ ನಿಂತುಬಿಟ್ಟಿತು. ಯಾರು ಎಂದು ಕೇಳಬೇಕಾದ ಬಾಯಿ ಹೆದರಿ ಬೇರೇನನ್ನೋ ಕೇಳಿತು. "ಯಾವಾಗ ಬರ್ತಾರೆ?"

"ಮುಂದಿನ ತಿಂಗಳು. ಹಡಗಲ್ಲಿ ಕೆಲಸ ಅಲ್ವಾ, ವರ್ಷಕ್ಕೊಂದು ಸಲ ಮುಖ ತೋರ್ಸಿದ್ರೆ ಹೆಚ್ಚು. ಈ ಸಲ ಪೂರ್ತಿ ಬಿಟ್ಟು ಬರ್ತಿದಾರೆ, ಇನ್ಮೇಲೆ ನನ್ನ ಜೊತೇಲೇ ಇರ್ತಾರೆ. ಇದು ಅವರ ಗಿಡ. ಹೋದ ವರ್ಷ ಹೂ ಬಿಡ್ತಾ ಅಂತ ಫೋನಲ್ಲಿ ಕೇಳಿದ್ರು, ಬಿಟ್ಟಿದೆ ಅಂತ ಸುಳ್ಳು ಹೇಳ್ಬಿಟ್ಟೆ. ಅವರಿಗೆ ಮೂಗಿನ ತುದೀಲೇ ಕೋಪ." ಮೊಗ್ಗಿನತ್ತ ನೋಡುತ್ತ ದನಿ ತಗ್ಗಿಸಿದಳು. "ಆದ್ರೆ ಅವರಿಲ್ದೆ ನಾನಿಲ್ಲ."

ಹೆಣ್ಣೊಬ್ಬಳು ಹೆಸರು ಹೇಳದೆ 'ಅವರು' ಎಂದರೆ ಇನ್ಯಾರು? ಹಡಗಿನ ಅಧಿಕಾರಿಯೇ ಇರಬೇಕು. ಬಿಳಿ ಸಮವಸ್ತ್ರ, ಅಗಲವಾದ ಭುಜ, ಉಪ್ಪುಗಾಳಿಗೆ ಮಾಗಿದ ಮುಖ. ಅವನು ತನ್ನ ಮೊಣಕೈಗೆ ಅಂಟಿದ್ದ ಹಿಟ್ಟನ್ನು ಮೆಲ್ಲನೆ ಕೆರೆದುಕೊಂಡ.

ಊರಾಚೆಯ ಇನ್ನೊಂದು ಪಟ್ಟಣದಲ್ಲಿ ಬೇಕರಿಯ ಯಜಮಾನರು ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿನ ಒಲೆಗೆ ಅವನೇ ಮುಖ್ಯಸ್ಥನಾಗಲಿ ಎಂದು ಹೇಳಿ ಕಳಿಸಿದ್ದರು. ಈವರೆಗೆ ಹಾರಿಕೆಯ ಮಾತಾಡಿಕೊಂಡಿದ್ದವನು ಮರುದಿನ ಮೇಸ್ತ್ರಿಯ ಮುಂದೆ ಹೋಗಿ ನಿಂತ.

"ನಾನು ಹೋಗ್ತೀನಿ ಅಂತ ಯಜಮಾನರಿಗೆ ಹೇಳ್ಬಿಡಿ."

ಮೇಸ್ತ್ರಿ ಎಲ್ಲವನ್ನೂ ಬಾಯಿ ಬಿಡಿಸಿ ಕೇಳಿದ. "ಅವರು ಅಂದ್ರೆ ಯಾರು ಅಂತ ಅವಳನ್ನೇ ಕೇಳಿದ್ಯಾ?"

"ಕೇಳೋದೇನಿದೆ?"

"ಕೇಳದೇ ಊರು ಬಿಡ್ತೀಯಾ? ಹಾವು ಅಂತ ಹಗ್ಗಕ್ಕೆ ಹೆದರಿ ಓಡೋ ಪೈಕಿ ನೀನು."

"ಹೇಳ್ತೀರೋ ಇಲ್ವೋ?"

"ಹೇಳ್ತೀನಿ ಮಾರಾಯ, ಹೇಳ್ತೀನಿ."

ವಾರ ಕಳೆದು ಒಂದು ಸಂಜೆ ಅವಳು ಬಂದಾಗ ಮೊಗ್ಗುಗಳು ಹಿಗ್ಗಿ ಕಡಲೆಯಷ್ಟಾಗಿದ್ದವು. ಅವನು ಗೋಡೆ ನೋಡಿಕೊಂಡು ವಿಷಯ ತಿಳಿಸಿದ. ಅವಳು ಗಿಡದ ಮೇಲಿನ ಧೂಳು ಒರೆಸುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದಳು.

"ಯಾವಾಗ?"

"ಹೂ ಬಿಟ್ಟ ಮೇಲೆ. ಅಷ್ಟರ ತನಕ ಇರ್ತೀನಿ."

"ಒಳ್ಳೇದು" ಎಂದಳು. "ದೊಡ್ಡ ಕೆಲಸ. ಒಳ್ಳೇದಾಯ್ತು." ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಎಡಬಲ ಅದಲುಬದಲಾಯಿತು. ಸರಿಮಾಡಿಕೊಳ್ಳದೆ ಹಾಗೇ ಹೊರಟುಹೋದಳು.

ಹೂಗಳು ಅರಳಿದವು. ಹಿಂದಕ್ಕೆ ಮಡಚಿಕೊಂಡ ಗುಲಾಬಿ ಎಸಳು, ಅದರೊಳಗಿಂದ ಮತ್ತೊಂದು ಸುತ್ತು ಎಸಳು, ತುದಿಯಲ್ಲಿ ಹೊರಚಾಚಿದ ಎಳೆ ಕೇಸರಗಳು. ಬೋಳು ಗೋಡೆಯ ಆ ಕೋಣೆಗೆ ಯಾರೋ ಅತಿಥಿಗಳು ಬಂದು ಕೂತಂತಾಯಿತು. ಅವಳು ದಿನವೂ ಬಂದಳು. ನಗುವಾಗ ಕಣ್ಣು ಕಿರಿದಾಗುತ್ತಿರಲಿಲ್ಲ, ತುಟಿ ಮಾತ್ರ ನಗುತ್ತಿತ್ತು.

"ಹೂ ಬಿಟ್ಟಾಯ್ತಲ್ಲ. ಮನೆಗೆ ಒಯ್ಯಲ್ವಾ?" ಎಂದು ಅವನೇ ಕೇಳಿದ. ಕೇಳಲು ಎಷ್ಟು ಕಷ್ಟವಾಯಿತೆಂಬುದು ಅವನಿಗೇ ಗೊತ್ತು.

"ಇಲ್ಲ ಇಲ್ಲ" ಎಂದು ಅವಳು ಗಡಿಬಿಡಿಯಲ್ಲಿ ಕುಂಡಕ್ಕೆ ಕೈ ಅಡ್ಡ ಹಿಡಿದಳು. "ಈಗ ಮುಟ್ಟಿದ್ರೆ ಎಲ್ಲ ಉದುರಿಹೋಗುತ್ತೆ. ಅವರು ಇಲ್ಲಿಗೇ ಬಂದು ನೋಡ್ಲಿ."

ಹಡಗಿನವನು ಇಲ್ಲಿಗೇ, ಈ ಕೋಣೆಗೇ ಬಂದು, ಅವಳ ಪಕ್ಕ ನಿಂತು ಹೂ ನೋಡುತ್ತಾನೆ. ಆ ಚಿತ್ರ ಕಣ್ಣಮುಂದೆ ಬಂದಾಗಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಒಲೆಯ ಮುಂದೆ ನಿಂತೇ ತೂಕಡಿಸಿ ಒಂದು ತಟ್ಟೆ ಬನ್ ಕರಕಲು ಮಾಡಿದ. ಮೇಸ್ತ್ರಿ ಬೈಯಲಿಲ್ಲ. ಅದೇ ಅವನಿಗೆ ಇನ್ನಷ್ಟು ಸಂಕಟವಾಯಿತು.

ಒಂದು ಮಧ್ಯಾಹ್ನ ಯಾರೋ ಬಾಗಿಲು ದಬದಬ ಬಡಿದರು. ತೆಗೆದರೆ ಎತ್ತರದ ಹೆಂಗಸೊಬ್ಬರು. ಕತ್ತರಿಸಿದ ನರೆಗೂದಲು, ಗಂಡಸರ ಅಳತೆಯ ಕೈಗಡಿಯಾರ, ಪಡೆಯನ್ನೇ ನಡೆಸಬಲ್ಲ ದನಿ.

"ಗಿಡ ಎಲ್ಲಿ?"

"ನೀವು...?"

"ಎದುರು ಮನೆ ಹುಡುಗಿಯ ಚಿಕ್ಕಮ್ಮ. ಅವಳು ಕೆಳಗೆ ಟ್ಯಾಕ್ಸಿಯಿಂದ ನನ್ನ ಪೆಟ್ಟಿಗೆ ಇಳಿಸ್ತಿದಾಳೆ. ಸರಿ ಸ್ವಲ್ಪ."

ಅವನು ಸರಿದು ಜಾಗ ಬಿಟ್ಟ. ಆಮೇಲೆ ಮೆಟ್ಟಿಲ ಕಡೆ ಕತ್ತು ಚಾಚಿ ನೋಡಿದ. "ಅವರು ಬರ್ಲಿಲ್ವಾ?"

"ಯಾರು?"

"ಅದೇ... ಹಡಗಿನವರು."

"ಹಡಗಿನವಳು ನಾನೇ ಕಣಪ್ಪ! ಪ್ರಯಾಣಿಕರ ಹಡಗಲ್ಲಿ ನರ್ಸ್ ಆಗಿ ಕೂದಲು ಹಣ್ಣಾಯ್ತು. ಇವಳ ತಾಯಿ ಹೋದ ಮೇಲೆ ಇವಳನ್ನ ಸಾಕಿದ್ದು, ಓದಿಸಿದ್ದು ಇನ್ಯಾರು ಅಂದ್ಕೊಂಡೆ?"

ಅವನು ಗೋಡೆಗೆ ಒರಗಿದ. ಬಿಳಿ ಸಮವಸ್ತ್ರ, ಅಗಲವಾದ ಭುಜ ಎಲ್ಲ ಒಂದೇ ಉಸಿರಿಗೆ ಗಾಳಿಗೆ ಹೋದವು. ಹೊಟ್ಟೆಯಿಂದ ನಗು ಎದ್ದುಬಂತು, ಅದರ ಬಾಲ ಹಿಡಿದುಕೊಂಡು ಕಣ್ಣೀರೂ ಬಂತು. ಚಿಕ್ಕಮ್ಮ ಅಭ್ಯಾಸಬಲದಿಂದ ಅವನ ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ಲ. ಮತ್ತೇನು ನಿನಗೆ?"

"ಏನಿಲ್ಲ ಅಮ್ಮ. ಈಗ ಏನೂ ಇಲ್ಲ."

ಅವರು ಕಿಟಕಿಕಟ್ಟೆಯ ಬಳಿ ಹೋಗಿ ಹೂವನ್ನು ದಿಟ್ಟಿಸಿದರು. ಗಡುಸು ಮುಖ ಮೆತ್ತಗಾಯಿತು. "ಭೇಷ್. ಆದ್ರೆ ಇದು ಅರಳಿ ಎಷ್ಟೋ ದಿನ ಆದ ಹಾಗಿದೆ, ಇಲ್ಲೇ ಯಾಕಿದೆ?"

"ಮುಟ್ಟಿದ್ರೆ ಉದುರುತ್ತೆ ಅಂದ್ರು..."

"ಮೊಗ್ಗಿದ್ದಾಗ ಉದುರುತ್ತೆ. ಅರಳಿದ ಮೇಲೆ ನಿಧಾನಕ್ಕೆ ಎತ್ಕೊಂಡು ಹೋದ್ರೆ ಏನೂ ಆಗಲ್ಲ. ಅವಳಿಗೆ ಇದನ್ನ ಹೇಳಿಕೊಟ್ಟವಳೇ ನಾನು!"

ಪೆಟ್ಟಿಗೆಯೊಂದು ಮೆಟ್ಟಿಲ ಮೇಲೆ ಧಡ್ ಎಂದು ಕೂತ ಸದ್ದಾಯಿತು. ಹೊಸ್ತಿಲಲ್ಲಿ ಅವಳು ನಿಂತಿದ್ದಳು. ಮುಖ ಹೂವಿಗಿಂತ ಕೆಂಪಗಿತ್ತು.

ಚಿಕ್ಕಮ್ಮ ಇಬ್ಬರನ್ನೂ ಸರದಿಯಲ್ಲಿ ನೋಡಿದರು. "ಓಹೋ" ಎಂದರು. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಹೋಗಿ ಕೂತು, ನಾಟಕ ನೋಡುವವರ ಹಾಗೆ ಕೈ ಕಟ್ಟಿಕೊಂಡರು.

"ನೀವು ಸುಳ್ಳು ಹೇಳಿದ್ರಿ" ಎಂದ ಅವನು.

"ನೀವು ಊರು ಬಿಡ್ತೀನಿ ಅಂದ್ರಿ. ಗಿಡ ತಗೊಂಡು ಹೋದ್ರೆ ಆಮೇಲೆ ಇಲ್ಲಿಗೆ ಬರೋದಕ್ಕೆ ನನಗೇನು ನೆಪ ಇರ್ತಿತ್ತು?"

"ನೀವು 'ಅವರು ಬರ್ತಾರೆ' ಅಂದ್ರಿ."

"ಚಿಕ್ಕಮ್ಮನ್ನ 'ಅವರು' ಅನ್ನದೆ 'ಅವಳು' ಅಂತೀನಾ? ಅದಕ್ಕೂ ಊರು ಬಿಡೋದಕ್ಕೂ..." ಮಾತು ಅರ್ಧಕ್ಕೆ ನಿಂತಿತು. ಅವಳ ಕಣ್ಣು ನಿಧಾನಕ್ಕೆ ಕಿರಿದಾಯಿತು, ಬಹಳ ದಿನಗಳ ಮೇಲೆ. "ಅಯ್ಯೋ ದೇವರೇ. ನೀವು ಯಾರು ಅಂದ್ಕೊಂಡ್ರಿ?"

ಅವನು ಫೋನ್ ಹುಡುಕಿ ಮೇಸ್ತ್ರಿಗೆ ಕರೆ ಮಾಡಿದ. "ಮೇಸ್ತ್ರಿ, ತಪ್ಪಾಗೋಯ್ತು. ನಾನು ಹೋಗಲ್ಲ. ಯಜಮಾನರ ಕಾಲಿಗೆ ಬೀಳ್ತೀನಿ, ಹೇಗಾದ್ರೂ..."

"ಯಾಕೆ ಬೀಳ್ತೀಯ? ನಾನು ಹೇಳಿದ್ರೆ ತಾನೆ?" ಮೇಸ್ತ್ರಿಯ ನಗು ಕೋಣೆಗೆಲ್ಲ ಕೇಳಿತು. "ಯಜಮಾನರು ಕೇಳಿದಾಗೆಲ್ಲ ಹುಡುಗ ಯೋಚನೆ ಮಾಡ್ತಿದಾನೆ ಅಂದೆ. ಹಗ್ಗವೋ ಹಾವೋ ಗೊತ್ತಾಯ್ತಾ?"

"ಆಯ್ತು ಮೇಸ್ತ್ರಿ."

"ಹಾಗಾದ್ರೆ ಮಲಗು. ನಾಳೆ ಬನ್ ಕರಕಲಾದ್ರೆ ನಿನ್ನನ್ನೇ ಒಲೆಗೆ ಹಾಕ್ತೀನಿ."

ಫೋನ್ ಇಟ್ಟು ಮಂಚದ ಅಂಚಿಗೆ ಕೂತ. ಚಿಕ್ಕಮ್ಮ ಹಡಗಿನ ಯಾವುದೋ ಕಥೆ ಶುರುಮಾಡಿದ್ದರು. ಅವಳು ನಗುತ್ತಿದ್ದಳು. ಕಳೆದ ದಿನಗಳ ನಿದ್ದೆಯೆಲ್ಲ ಸೇರಿ ಒಮ್ಮೆಗೇ ಬಂದು ಹೆಗಲ ಮೇಲೆ ಕೂತಿತು. ಒಂದು ಗಳಿಗೆ ಒರಗಿಕೊಳ್ಳೋಣ ಎಂದುಕೊಂಡ, ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಮೈಮೇಲೆ ಹೊದಿಕೆ ಇತ್ತು. ಚಿಕ್ಕಮ್ಮ ಇರಲಿಲ್ಲ. ಅವಳು ಕುರ್ಚಿಯ ಮೇಲೆ ಮೊಣಕಾಲು ಮಡಚಿ, ಅದರ ಮೇಲೆ ಗಲ್ಲವಿಟ್ಟು ಅವನನ್ನೇ ನೋಡುತ್ತ ಕೂತಿದ್ದಳು.

"ಚಿಕ್ಕಮ್ಮ?"

"ಎದುರು ಮನೇಲಿ ಗೊರಕೆ. ನೀವಿಲ್ಲಿ, ಅವರಲ್ಲಿ. ಜುಗಲಬಂದಿ."

ಅವನು ಎದ್ದು ಕೂತು ಕೂದಲು ಸರಿಮಾಡಿಕೊಂಡ. "ಬೆಳಿಗ್ಗೆ ನಿಮ್ಮ ಬಾಗಿಲು ತಟ್ಟಿದ ಮೇಲೇ ನನಗೆ ದಿನ ಶುರುವಾಗೋದು. ಗಿಡ ಬರೀ ನೆವ. ಹೊತ್ತಲ್ಲದ ಹೊತ್ತಲ್ಲಿ ಏಳ್ತೀನಿ, ಸಂಜೆಗೇ ಮಲಗ್ತೀನಿ, ಮೈಯೆಲ್ಲ ಹಿಟ್ಟು. ಇಂಥವನ ಜೊತೆ..."

"ಆಗುತ್ತೆ" ಎಂದಳು ಅವಳು, ಅವನ ಮಾತು ಮುಗಿಯುವ ಮುಂಚೆಯೇ.

"ಏನಾಗುತ್ತೆ? ನಾನಿನ್ನೂ ಕೇಳೇ ಇಲ್ಲ."

"ಕೇಳೋದಕ್ಕೆ ನೀವು ಇನ್ನೊಂದು ವರ್ಷ ಮಾಡ್ತೀರಿ. ಅದಕ್ಕೇ ಮೊದಲೇ ಹೇಳ್ಬಿಟ್ಟೆ." ಕಣ್ಣು ಕಿರಿದಾಗಿ, ಆಮೇಲೆ ತುಟಿ ಅರಳಿತು. ಕುರ್ಚಿಯಿಂದ ಇಳಿದು ಚಪ್ಪಲಿಗೆ ಕಾಲು ತೂರಿಸಿದಳು. "ಬರ್ತೀನಿ. ನೀವು ಮಲಗೋ ಹೊತ್ತಾಯ್ತು."

"ಹೋಗ್ಬೇಡ" ಎಂದ.

ಅವಳು ಥಟ್ಟನೆ ತಿರುಗಿದಳು. ಅಷ್ಟು ದಿನದ 'ನೀವು' ಎಲ್ಲಿ ಜಾರಿಬಿತ್ತೋ ಅವನಿಗೇ ತಿಳಿಯಲಿಲ್ಲ. ಅವನು ಅದನ್ನು ತಿದ್ದಿಕೊಳ್ಳಲೂ ಇಲ್ಲ.

ಅವಳು ಚಪ್ಪಲಿ ಬಿಟ್ಟು ಬಂದು ಮಂಚದ ಅಂಚಿನಲ್ಲಿ, ಅವನ ಪಕ್ಕ, ಕೂತುಕೊಂಡಳು.