ಇಪ್ಪತ್ತೆರಡನೆಯ ಅಕ್ಷರ

ಪ್ರೀತಿಸಿದವರ ತಪ್ಪನ್ನು ಕಂಡೂ ಕಣ್ಣು ಮುಚ್ಚಿ, ಆ ಹೇಡಿತನಕ್ಕೆ ಪ್ರೀತಿಯೆಂದು ಹೆಸರಿಟ್ಟವರಲ್ಲಿ ನೀವೂ ಒಬ್ಬರಲ್ಲವೆ?

ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿ. ರಾಯಚೂರಿನ ಖಾಸಗಿ ಕಂಪ್ಯೂಟರ್ ಕಚೇರಿಯೊಂದರಲ್ಲಿ ದೇವದುರ್ಗದ ಅನ್ನಮ್ಮನಿಗೆ ಒಂದೇ ಕೆಲಸ. ಇತರರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಕಾಗದದ ಮೇಲೆ ಸಾಲು ಸಾಲಾಗಿ ಓದಿ, ಅಪಾಯ ಕಂಡಲ್ಲಿ ಕೆಂಪು ಪೆನ್ಸಿಲಿನ ಗೆರೆ ಎಳೆಯುವುದು, ಕಾಣದಿದ್ದರೆ ಸಹಿ ಹಾಕಿ ಹೊರಗೆ ಬಿಡುವುದು. ಅಂದು ಅವಳ ಮುಂದಿದ್ದುದು ಆಸ್ಪತ್ರೆಯೊಂದರ ರೋಗಿಗಳ ಪಟ್ಟಿಯ ಪ್ರೋಗ್ರಾಮು. ಬರೆದವನು ಮಾನ್ವಿಯ ತಾಯಣ್ಣ, ಬರುವ ತಿಂಗಳು ಅವಳ ಕೈಹಿಡಿಯಬೇಕಾದವನು.

"ಎಷ್ಟೊತ್ತು ಅದನ್ನ ನೋಡ್ತಿ? ನನ್ನ ಮಾರಿ ನೋಡು, ಅದರಾಗ ತಪ್ಪಿಲ್ಲ," ಎಂದು ಅವನು ಮೇಜಿಗೆ ಒರಗಿ ನಕ್ಕ.

"ಅದನ್ನ ಆಮ್ಯಾಲ ತಪಾಸ್ ಮಾಡ್ತೀನಿ," ಎಂದವಳ ತುಟಿಯಂಚಿನ ನಗು ಪೆನ್ಸಿಲಿನ ಜೊತೆಗೇ ನಿಂತುಬಿಟ್ಟಿತು. "ಹೆಸರಿಗೆ ಇಪ್ಪತ್ತೊಂದು ಅಕ್ಷರದ ಜಾಗ ಇಟ್ಟೀದಿ. ಅದಕ್ಕೂ ಜಾಸ್ತಿ ಅಕ್ಷರ ಹೊಡದ್ರ ತಡಿಯೋದು ಎಲ್ಲದ?"

"ಅಷ್ಟುದ್ದದ ಹೆಸರು ಯಾರಿಗದ ಬೇ?"

ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಊರಿಗೆ ನಾಲ್ವರು ಹುಲಗೆಮ್ಮಂದಿರಿರುವ ಈ ಸೀಮೆಯಲ್ಲಿ ಹೆಸರಿನ ಮುಂದೆ ಊರನ್ನೂ ಬರೆಸುವುದು ವಾಡಿಕೆ. ಮೊದಲು ರಕ್ತದ ಗುಂಪು ‘ಓ’ ಎಂದು ಹೊಡೆದಳು, ಬಳಿಕ ಹಿರೇಕೊಟ್ನೆಕಲ್ ಹುಲಗೆಮ್ಮ ಎಂದು. ಇಂಗ್ಲಿಷಿನಲ್ಲಿ ನಡುವಿನ ತೆರಪೂ ಸೇರಿ ಇಪ್ಪತ್ತೆರಡು. ಕೊನೆಯ ‘ಎ’ ತನ್ನ ಗಡಿ ದಾಟಿ ಪಕ್ಕದ ರಕ್ತದ ಗುಂಪಿನ ಜಾಗಕ್ಕೆ ನುಗ್ಗಿತು. ಪರದೆಯ ಮೇಲೆ ಹೆಸರು ಸರಿಯಾಗಿಯೇ ಇತ್ತು. ರಕ್ತದ ಗುಂಪು ಮಾತ್ರ ‘ಎ’ ಆಗಿತ್ತು.

ಅನ್ನಮ್ಮ ತಾಯಣ್ಣನತ್ತ ತಿರುಗಿದಳು.

"ಯಾರ ಹೆಸರು ಹೊಡದು ನೋಡಿದ್ದಿ?"

"ನಿಂದು. ನೂರು ಸಲ ನಿಂದೇ. ಅನ್ನಮ್ಮ ಅಂತ ಮೂಡಿದ್ರ ಮತ್ತೊಂದು ಹೆಸರು ಹೊಡಿಯಾಕ ಮನಸೇ ಬರ್ತಿದ್ದಿಲ್ಲ."

ಕಲ್ಲೂ ಕರಗುವ ಮಾತು. ಅವಳೂ ಕರಗಿದಳು, ಅರೆಗಳಿಗೆ.

"ಈಗಲೇ ತಿದ್ದು."

"ಮುಂಜಾನೇನ ಆಸ್ಪತ್ರಿಗೆ ಕೊಟ್ಟು ಬಂದೀನಿ. ನೀ ಹ್ಯಾಂಗೂ ಸಹಿ ಮಾಡ್ತಿ ಅಂತ... ಹೆಸರು ತುಂಬಾಕತ್ತಾರ. ಸೋಮವಾರ ಹೋಗಿ ಗುಟ್ಟಾಗಿ ಸರಿ ಮಾಡ್ತೀನಿ. ಈಗ ಬಾಯಿ ಬಿಟ್ರ ನನ್ನ ನೌಕರಿ ಹೋಗ್ತದ ಅನ್ನಮ್ಮಾ!"

"ಸೋಮವಾರದ ತನಕ ಯಾರಿಗೂ ರಕ್ತ ಬೇಕಾಗಬಾರದು ಅಂತ ದೇವರಿಗೆ ಚೀಟಿ ಬರದೀಯೇನು?"

ಅನ್ನಮ್ಮ ಫೋನೆತ್ತಿ ಆಸ್ಪತ್ರೆಗೆ ತಿಳಿಸಿದಳು. ಆ ವೇಳೆಗೆ ಪಟ್ಟಿಯಲ್ಲಿ ಮೂವರು ಹೆಂಗಸರ ರಕ್ತದ ಗುಂಪು ಬದಲಾಗಿತ್ತು. ಒಬ್ಬಳ ಮಂಚದ ಬಳಿ ತಪ್ಪು ಗುಂಪಿನ ರಕ್ತದ ಬಾಟಲಿಯೂ ಬಂದಿತ್ತು. ಆ ಹೆಂಗಸು ಬದುಕಿದಳು. ತಾಯಣ್ಣನ ಕೆಲಸ ಅಂದೇ ಹೋಯಿತು.

ಊರಿಗೆ ಹೊರಟ ಅವನು ಮಾನ್ವಿ ಬಸ್ಸಿನ ಕಿಟಕಿಯಿಂದ ಎಂದ: "ನೀ ಮಾಡಿದ್ದೇ ಖರೆ. ಆದ್ರ ದಿನಾ ನಿನ್ನ ಕಣ್ಣಾಗ ನನ್ನ ತಪ್ಪು ನೋಡೋ ಧೈರ್ಯ ನನಗಿಲ್ಲ."

"ನಾ ಅದನ್ನ ಮರತೇನಿ ಅಂದ್ರ?"

"ನೀ ಮರಿಯಾಕಿ ಅಲ್ಲ. ಅದಕ್ಕೇ ನಿನ್ನ ಮ್ಯಾಲ ಜೀವ."

ಬಸ್ಸು ಹೊರಟಿತು. ಕಿಟಕಿಯ ಸರಳಿನ ಮೇಲಿದ್ದ ಅವಳ ಬೆರಳನ್ನು ಅವನೇ ಬಿಡಿಸಿದ.

ಓದುಗರೇ, ನಿಮ್ಮ ಪ್ರೀತಿಪಾತ್ರರು ಸಹಿಗೆಂದು ಕಾಗದ ಮುಂದಿಟ್ಟಾಗ ಮೊದಲು ಅದನ್ನು ಓದಿ. ತಪ್ಪಿದ್ದರೆ ಅಂದೇ ಹೇಳಿ, ಸೋಮವಾರಕ್ಕೆ ಕಾಯಬೇಡಿ.