ರಸ್ತೆಗೆ ಬೆನ್ನು ಮಾಡಿದ ಕೂಸು

ಕೋದಂಡಪ್ಪ ಮಾಡಿದ ಮೊದಲ ತಪ್ಪೇನೆಂದರೆ, ಕುರ್ಚಿಯನ್ನು ಸರಿ ಮಾಡಿದ್ದು.

ಬಂಗಾರಪೇಟೆ ಸ್ಟೇಷನ್ ಮುಂದಿನ ಶೇರ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೆಳಗಿನ ಗಲಾಟೆ. ಬೆಂಗಳೂರು ರೈಲು ಹಿಡಿಯುವವರು ಅತ್ತ ಓಡುತ್ತಿದ್ದರು, ರಾಬರ್ಟ್‌ಸನ್‌ಪೇಟೆಗೆ ಹೊರಟವರು ಇತ್ತ ನುಗ್ಗುತ್ತಿದ್ದರು. ಡ್ರೈವರ್ ಕೋದಂಡಪ್ಪ ಟೀ ಕುಡಿದು ಬರುವಷ್ಟರಲ್ಲಿ ಯಾರೋ ಒಬ್ಬಾಕೆ ಅವನ ಅಂಬಾಸಡರಿನ ಮುಂದಿನ ಸೀಟಿನ ಮೇಲೆ ಪುಟ್ಟದೊಂದು ಬೆತ್ತದ ಕುರ್ಚಿಯಿಟ್ಟು ಕ್ಯಾನ್ವಾಸ್ ಪಟ್ಟಿಯಲ್ಲಿ ಬಿಗಿದಿದ್ದಳು. ಕುರ್ಚಿಯ ಬೆನ್ನು ರಸ್ತೆಯ ಕಡೆಗೆ, ಮುಖ ಹಿಂದಿನ ಸೀಟಿನ ಕಡೆಗೆ! ಪಾಪ, ಗಾಬರಿಯಲ್ಲಿ ಉಲ್ಟಾ ಇಟ್ಟಿದ್ದಾಳೆ ಅಂದುಕೊಂಡ. ಆಕೆ ಮಗುವನ್ನು ಎತ್ತಿಕೊಳ್ಳಲು ಅತ್ತ ತಿರುಗಿದ್ದೇ ತಡ, ಪಟ್ಟಿ ಬಿಚ್ಚಿ ಕುರ್ಚಿಯನ್ನು ರಸ್ತೆಗೆ ಮುಖವಾಗಿ ತಿರುಗಿಸಿಟ್ಟ. ದೊಡ್ಡ ಉಪಕಾರ ಮಾಡಿದವನ ಹಾಗೆ ಒಂದು ನಗೆ ಬೇರೆ.

"ಅದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿಮಗೆ?"

ನಗೆ ಅಲ್ಲೇ ನಿಂತಿತು. "ಅಲ್ಲಮ್ಮಾ, ಮೊಗ ಮುಂದ್ಕೆ ನೋಡ್ಬೇಕಲ್ವಾ? ಇಂಗಿಟ್ರೆ ರಸ್ತೇನೇ ಕಾಣಲ್ಲ."

"ರಸ್ತೆ ನೋಡೋ ಕೆಲ್ಸ ನಿಮ್ದು. ಅವಳದಲ್ಲ."

ಹಿಂದೆ ಕೂತಿದ್ದ ಸೊಣ್ಣಪ್ಪ, ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯ ಗುಮಾಸ್ತ, ಕಿಸಕ್ಕನೆ ನಕ್ಕ. ಕೋದಂಡಪ್ಪ ಪೆಚ್ಚಾಗಿ ಕುರ್ಚಿಯನ್ನು ಮತ್ತೆ ಉಲ್ಟಾ ಮಾಡಿ, ಆಕೆ ಬಿಗಿದದ್ದಕ್ಕಿಂತ ಚೆನ್ನಾಗಿಯೇ ಬಿಗಿದ.

ಆಕೆ ಮುನಿರತ್ನಮ್ಮ. ಪಕ್ಕದ ಹಳ್ಳಿಯವಳು, ಊರಿಗಾಂನ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಟೀಚರ್. ಗಂಡ ಆಂಜಿನಪ್ಪ ಕಾಮಾಲೆಯಾಗಿ ತೀರಿಹೋದಾಗ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಆ ದುಃಖದಲ್ಲೇ ದಿನ ತುಂಬುವ ಮುಂಚೆ ಹುಟ್ಟಿದ ಕೂಸು ಸುಗುಣ. ಎಲ್ಲ ಮಕ್ಕಳಿಗೂ ಕತ್ತು ನಿಲ್ಲುವ ಹೊತ್ತಿಗೆ ಇವಳ ಕತ್ತು ನಿಲ್ಲಲಿಲ್ಲ. ಅತ್ತೆ ಪಾಪಕ್ಕ ಬೆಳಗಾದರೆ ಹಸು, ಹೊಲ ಅಂತ ಹೋಗುವವಳು. ಹಾಗಾಗಿ ಮಗುವನ್ನು ಕರೆದುಕೊಂಡು ಹೋಗಿ ಶಾಲೆಯ ಪಕ್ಕದ ಶಿಶುವಿಹಾರದಲ್ಲಿ ಬಿಡುವುದು ಬಿಟ್ಟರೆ ದಾರಿಯಿರಲಿಲ್ಲ. ಮಗುವನ್ನು ನೋಡುತ್ತಿದ್ದ ಡಾಕ್ಟರಮ್ಮ ಹೇಳಿದ್ದರು: ಕಾರಿನಲ್ಲಿ ಒಯ್ಯುವುದಾದರೆ ರಸ್ತೆಗೆ ಬೆನ್ನು ಮಾಡಿ ಕೂರಿಸು. ಗಕ್ಕನೆ ಬ್ರೇಕ್ ಹಾಕಿದರೆ ತಲೆ ಮುಂದಕ್ಕೆ ಮುಗ್ಗರಿಸುತ್ತದೆ, ಈ ಕತ್ತು ಅದನ್ನು ತಡೆಯಲಾರದು. ಹಿಂದುಮುಂದಾಗಿ ಕೂರಿಸಿದರೆ ಕುರ್ಚಿಯ ಬೆನ್ನೇ ತಲೆಯನ್ನು ತಡೆದುಕೊಳ್ಳುತ್ತದೆ.

"ಎಷ್ಟು ದಿನ ಹೀಗೆ?" ಎಂದು ಮುನಿರತ್ನಮ್ಮ ಕೇಳಿದ್ದಳು.

"ಎಷ್ಟು ದಿನ ಆಗುತ್ತೋ ಅಷ್ಟು ದಿನ," ಎಂದಿದ್ದರು ಡಾಕ್ಟರಮ್ಮ. ಅಷ್ಟು ಹೇಳಿ, ಸ್ವಲ್ಪ ದಿನಕ್ಕೇ ಎಲ್ಲಿಗೋ ವರ್ಗವಾಗಿ ಹೋಗಿಬಿಟ್ಟರು. ಆ ಮಾತಿಗೆ ಅರ್ಥ ಹೇಳುವವರು ಆಮೇಲೆ ಯಾರೂ ಉಳಿಯಲಿಲ್ಲ.

ಸ್ಟ್ಯಾಂಡಿನ ಆ ಬೆಳಗಿನಿಂದ ದಿನಾ ಅದೇ ಕಾರು. ಕಾರಣ ತಿಳಿದ ಮೇಲೆ ಕೋದಂಡಪ್ಪ ಕುರ್ಚಿಯ ಬೆನ್ನಿಗೆ ಹಳೇ ರಜಾಯಿ ಹೊದಿಸಿದ, ತಲೆಯ ಎರಡೂ ಪಕ್ಕ ಹತ್ತಿಯ ದಿಂಬು ಕಟ್ಟಿದ. ಅಮ್ಮನ ಮುಖ ಕಾಣದಿದ್ದರೆ ಸುಗುಣ ಕಿರೋ ಎನ್ನುತ್ತಿದ್ದಳು. ಅದಕ್ಕೇ ಮುನಿರತ್ನಮ್ಮ ಹಿಂದಿನ ಸೀಟಿನ ನಡುವೆಯೇ ಕೂರಬೇಕಿತ್ತು. ನಡುವೆ ಕೂತವರು ಡ್ರೈವರನ ಕನ್ನಡಿಯಲ್ಲಿ ಬೀಳದೆ ಎಲ್ಲಿ ಹೋಗುತ್ತಾರೆ, ನೀವೇ ಹೇಳಿ?

ಮೊದಮೊದಲು ಅವನು ನೋಡಲಿಲ್ಲ. ಆಮೇಲೆ ನೋಡಿಯೂ ನೋಡದ ಹಾಗಿದ್ದ. ಕೊನೆಗೆ ಆ ನಾಟಕವೂ ಸಾಕಾಯಿತು. ಮಗುವನ್ನು ನಗಿಸಲು ಅವಳು ಹುಬ್ಬು ಹಾರಿಸುವಳು, ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವಳು. ಮಗು ಕೇಕೆ ಹಾಕಿದರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಮಗು ನಿದ್ದೆ ಹೋದ ಮೇಲೆ ಮಾತ್ರ ಅವಳ ಮುಖ ಸಪ್ಪಗಾಗಿ, ಕಣ್ಣು ಕಿಟಕಿಯಾಚೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಮೇಲೆ ನಿಲ್ಲುತ್ತಿತ್ತು. ಆಗ ಅವನು ಕಾರನ್ನು ಇನ್ನಷ್ಟು ಮೆಲ್ಲಗೆ ಓಡಿಸುತ್ತಿದ್ದ.

"ಡ್ರೈವರಣ್ಣ, ರಸ್ತೆ ಮುಂದಿದೆ."

"ಗೊತ್ತಮ್ಮಾ. ಇಂದೆ ಲಾರಿ ಬತ್ತೈತೇನೋ ಅಂತ ನೋಡ್ದೆ."

"ಆ ಲಾರಿ ನಮ್ಮನ್ನ ದಾಟ್ಕೊಂಡು ಹೋಗಿ ಆಗ್ಲೇ ರಾಬರ್ಟ್‌ಸನ್‌ಪೇಟೆ ಸೇರಿರ್ಬೇಕು."

ಅವಳು ನಗಲಿಲ್ಲ. ಆದರೆ ಮುಖ ತಿರುಗಿಸಿಕೊಳ್ಳಲೂ ಇಲ್ಲ. ಡ್ರೈವರಣ್ಣ ಅನ್ನುವ ಒಂದು ಮಾತು ನಡುವೆ ಬೇಲಿಯಂತೆ ಇತ್ತು. ಅದನ್ನು ದಾಟುವ ಧೈರ್ಯ ಅವನಿಗಿರಲಿಲ್ಲ. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ವಯಸ್ಸನ್ನೇ ಮರೆತಿದ್ದವನು ಅವನು. ಈ ವಯಸ್ಸಲ್ಲಿ ಇದೆಲ್ಲ ನನಗೆ ಬೇಕಾ ಅಂತ ದಿನಾ ಕೇಳಿಕೊಳ್ಳುತ್ತಿದ್ದ, ದಿನಾ ಬೇಕು ಅನ್ನಿಸುತ್ತಿತ್ತು.

ದಿನ ಕಳೆಯಿತು. ಸುಗುಣಳ ಕತ್ತು ನಿಂತಿತು. ಕೂತಳು, ತೆವಳಿದಳು, ಗೋಡೆ ಹಿಡಿದು ಹೆಜ್ಜೆಯನ್ನೂ ಇಟ್ಟಳು. ಕುರ್ಚಿಯಲ್ಲಿ ಮಾತ್ರ ಕಾಲು ಮಡಚಿಕೊಂಡು, ರಸ್ತೆಗೆ ಬೆನ್ನು ಮಾಡಿಯೇ ಕೂರುತ್ತಿದ್ದಳು.

"ಈಗ ತಿರುಗಿಸ್ಬಹುದೇನೋ?" ಎಂದು ಮುನಿರತ್ನಮ್ಮ ಒಂದು ದಿನ ಕೇಳಿದಳು.

"ಇನ್ನಷ್ಟು ದಿನ ಇರ್ಲಿ," ಎಂದುಬಿಟ್ಟ ಕೋದಂಡಪ್ಪ. ಬಾಯಿಂದ ಮಾತು ಹೊರಬಿದ್ದ ಮೇಲೆ ತನ್ನನ್ನೇ ಕೇಳಿಕೊಂಡ. ಇದನ್ನು ಹೇಳಿದ್ದು ಮಗುವಿನ ಕತ್ತಿನ ಮೇಲಿನ ಕಾಳಜಿಯೋ, ಕನ್ನಡಿಯ ಆಸೆಯೋ? ಅವನಿಗೇ ಗೊತ್ತಾಗಲಿಲ್ಲ.

ಸೊಣ್ಣಪ್ಪನಿಗೆ ಆ ಅನುಮಾನವೇ ಇರಲಿಲ್ಲ. "ಆ ಕುರ್ಚಿ ತಿರುಗ್ಸುದ್ರೆ ಮೊಗೀಗೆ ಅವ್ವ ಕಾಣಲ್ಲ, ಆಯಮ್ಮ ಮುಂದ್ಕೆ ಬಂದು ಮೊಗಾನ ತೊಡೆ ಮ್ಯಾಲೆ ಕೂರಿಸ್ಕೊಂತಾಳೆ. ಆಮ್ಯಾಕೆ ನಿನ್ ಕನ್ನಡೀಲಿ ನನ್ ಮುಸುಡಿನೇ ಕಣ್ಲಾ!" ಎಂದು ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ನಕ್ಕ. ತಮಾಷೆಗೆ ಅಂದದ್ದೇ. ಆದರೆ ತಮಾಷೆಗೂ ಕಾಲು ಬರುತ್ತದೆ. ಅದು ಸ್ಟ್ಯಾಂಡಿನಿಂದ ಹಳ್ಳಿಗೆ ಹೋಗಿ, ಹಾಲಿನ ಡೈರಿಯ ಸಾಲಿನಲ್ಲಿ ನಿಂತು, ಪಾಪಕ್ಕನ ಕಿವಿಗೂ ಬಿತ್ತು.

ಅವತ್ತು ಸಂಜೆ ಊರಿಗಾಂನ ಶಾಲೆಯ ಗೇಟಿನಲ್ಲಿ ಮುನಿರತ್ನಮ್ಮ ಕಾರು ಹತ್ತಲಿಲ್ಲ. ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

"ನಡೆಯೋ ಮಗೂಗೆ ಇನ್ನೂ ಎಂಥಾ ಉಲ್ಟಾ ಕುರ್ಚಿ ಅಂತ ಅತ್ತೆ ಕೇಳಿದ್ರು. ಊರೋರು ಏನಂತಾರೆ ಅನ್ನೋದನ್ನೂ ಹೇಳಿದ್ರು." ಅವಳ ದನಿ ಗಟ್ಟಿಯಾಗಿಯೇ ಇತ್ತು. "ನಿಜ ಹೇಳಿ. ಇನ್ನಷ್ಟು ದಿನ ಇರ್ಲಿ ಅಂದಿದ್ದು ಮಗೂಗೋಸ್ಕರಾನಾ, ನಿಮಗೋಸ್ಕರಾನಾ?"

ಮಗುವಿಗೋಸ್ಕರ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮರುದಿನವೂ ಅದೇ ಸೀಟಿನಲ್ಲಿ ಬಂದು ಕೂರುತ್ತಿದ್ದಳು. ಆದರೆ ಆ ಕಣ್ಣಿನ ಮುಂದೆ ಸುಳ್ಳು ನಾಲಗೆಗೆ ಬರಲಿಲ್ಲ.

"ಎರಡಕ್ಕೂ," ಎಂದ.

ಅವಳು ಸೆರಗಿನಿಂದ ಮಗುವಿನ ಬೆನ್ನು ಮುಚ್ಚಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕುರ್ಚಿ ಅವನ ಕಾರಿನಲ್ಲೇ ಉಳಿಯಿತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ಕಂಡಳು, ಅದೇ ಸ್ಟ್ಯಾಂಡಿನ ಕದಿರಪ್ಪನ ಕಾರಿನಲ್ಲಿ. ಈ ಕದಿರಪ್ಪ ಒಳ್ಳೆಯವನೇ, ಆದರೆ ಕೈಗೆ ಸ್ಟೇರಿಂಗ್ ಸಿಕ್ಕರೆ ಮೈಮೇಲೆ ದೇವರು ಬಂದವನ ಹಾಗೆ. ರೈಲ್ವೆ ಗೇಟು ಹಾಕಿತ್ತು. ಕೋದಂಡಪ್ಪನ ಪಕ್ಕಕ್ಕೇ ಆ ಕಾರು ಬಂದು ಧಡಕ್ಕನೆ ನಿಂತಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರ ನಡುವೆ ಒತ್ತರಿಸಿ ಕೂತ ಮುನಿರತ್ನಮ್ಮ, ಅವಳ ತೊಡೆಯ ಮೇಲೆ ಸುಗುಣ, ರಸ್ತೆಗೆ ಮುಖ ಮಾಡಿ. ನಿಂತ ರಭಸಕ್ಕೆ ಆ ಪುಟ್ಟ ತಲೆ ಮುಂದಕ್ಕೆ ತೂಗಿ ಗಾಜಿನ ಹತ್ತಿರ ಹೋಗಿ ಹಿಂದಕ್ಕೆ ಬಂತು. ತಾಯಿ ತಟ್ಟನೆ ಹಣೆಗೆ ಕೈ ಅಡ್ಡ ಕೊಟ್ಟಳು. ಏನೂ ಆಗಲಿಲ್ಲ. ಮಗು ರೈಲು ಕಂಡು ಚಪ್ಪಾಳೆ ತಟ್ಟಿತು. ಕೋದಂಡಪ್ಪನ ಜೀವ ಮಾತ್ರ ಬಾಯಿಗೆ ಬಂದಿತ್ತು. ಆ ಗಳಿಗೆಯಲ್ಲಿ ಅವನಿಗೆ ಕನ್ನಡಿಯ ನೆನಪೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ತನ್ನ ಕಾರಿನಿಂದ ಕುರ್ಚಿ ಬಿಚ್ಚಿ ಕದಿರಪ್ಪನ ಕಾರಿಗೆ ಒಯ್ದ.

"ಏನಣ್ಣಾ, ಗಿರಾಕೀನೂ ಕೊಟ್ಟು ಕುರ್ಚೀನೂ ಕೊಡ್ತೀಯಾ?" ಕದಿರಪ್ಪನಿಗೆ ಬೆರಗು.

"ಮಾತಾಡ್ಬೇಡ, ಆ ಕಡೆ ಪಟ್ಟಿ ಇಡ್ಕೋ. ನೋಡ್ಲಾ, ಬೆನ್ನು ಡ್ಯಾಶ್‌ಬೋರ್ಡಿಗೆ ಒರಗಿರ್ಬೇಕು. ಯಾರು ಏನಂದ್ರೂ ತಿರುಗ್ಸಬ್ಯಾಡ. ಇನ್ನೊಂದು, ಮೊಗ ಕೂತಿರುವಾಗ ಜೋರಾಗಿ ಓಡ್ಸೋದು ಕಮ್ಮಿ ಮಾಡು. ನಿನ್ ಕಾಲಿಗೆ ಬೀಳ್ತೀನಿ."

"ಅಯ್ಯೋ, ಬಿಡಣ್ಣಾ," ಎಂದ ಕದಿರಪ್ಪ, ತಲೆ ತಗ್ಗಿಸಿ.

ತಿರುಗಿದರೆ ಮುನಿರತ್ನಮ್ಮ ಮಗುವನ್ನೆತ್ತಿಕೊಂಡು ನಿಂತಿದ್ದಾಳೆ. ಎಲ್ಲವನ್ನೂ ಕೇಳಿದ್ದಾಳೆ.

ಕೋದಂಡಪ್ಪ ಕೈ ಒರೆಸಿಕೊಂಡ. "ಇನ್ನೆಷ್ಟು ದಿನ ಅಂತ ನಂಗೂ ಗೊತ್ತಿಲ್ಲ. ಡಾಕ್ಟ್ರಮ್ಮ ಆಗೋವಷ್ಟು ದಿನ ಅಂದ್ರಂತೆ, ಇನ್ನೂ ಆಗ್ತೈತೆ, ಕಾಲು ಮಡ್ಚ್ಕೊಂಡು ಸುಖವಾಗೇ ಕೂತ್ಕೊತಾಳೆ. ನನ್ ಮ್ಯಾಲೆ ಸಿಟ್ಟಿದ್ರೆ ಇಟ್ಕೊಳ್ಳಿ. ನನ್ ಕಾರು ಅತ್ತಬ್ಯಾಡಿ. ಆದ್ರೆ ನನ್ ಮ್ಯಾಲಿನ ಸಿಟ್ನ ಮೊಗೀನ ಕತ್ತಿನ ಮ್ಯಾಲೆ ಆಕ್ಬೇಡಿ."

ಅವಳು ಮಗುವನ್ನು ಆ ಕುರ್ಚಿಯಲ್ಲೇ ಕೂರಿಸಿದಳು. ಅವನು ನಿಲ್ಲದೆ ಹೋಗಿ ತನ್ನ ಕಾರು ಸ್ಟಾರ್ಟ್ ಮಾಡಿದ.

ಅಲ್ಲಿಂದ ಮುಂದೆ ಅವನ ದಿನಗಳು ಬರಿದಾದವು. ಊಟ ಸೇರಲಿಲ್ಲ. ಕದಿರಪ್ಪನ ಕಾರು ಎದುರಾದಾಗ ಗಾಜಿನಲ್ಲಿ ರಜಾಯಿ ಹೊದ್ದ ಕುರ್ಚಿಯ ಬೆನ್ನಷ್ಟೇ ಕಾಣುತ್ತಿತ್ತು. ಸದ್ಯ, ತಿರುಗಿಸಿಲ್ಲ ಎಂದು ಉಸಿರು ಬಿಡುತ್ತಿದ್ದ. ಆ ಬೆನ್ನಿನ ಹಿಂದೆ ಒಂದು ಮುಖವಿದೆ, ಅದರೆದುರು ಇನ್ನೊಂದು ಮುಖವಿದೆ ಎಂದು ನೆನೆದು ಕಣ್ಣು ತುಂಬಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಸ್ಟ್ಯಾಂಡು ಖಾಲಿಯಿದ್ದಾಗ, ಒಬ್ಬ ಮುದುಕಿ ಬಂದು ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

"ಕೋದಂಡಪ್ಪ ಅಂದ್ರೆ ನೀನೇನಾ? ನಾನು ಪಾಪಕ್ಕ. ಸುಗುಣನ ಅಜ್ಜಿ."

ಅವನು ಗಡಬಡಿಸಿ ಕಾರಿನಿಂದ ಇಳಿದು ನಿಂತ.

"ನಿನ್ನ ಉಗಿಯಾಕೆ ಅಂತ ಆವತ್ತೇ ಬರ್ಬೇಕಿತ್ತು. ಅಷ್ಟ್ರಲ್ಲಿ ಕುರ್ಚೀನ ಬೇರೆಯೋನ ಕಾರಿಗೆ ಕಟ್ಕೊಟ್ಟೆ ಅಂತ ಕೇಳ್ದೆ. ಎಂಥೋನಪ್ಪಾ ಇವ್ನು ಅಂತ ಸುಮ್ಕಾದೆ." ಪಾಪಕ್ಕ ಎಲೆಯಡಿಕೆ ಚೀಲ ಬಿಚ್ಚಿದಳು, ಹಾಗೇ ಕಟ್ಟಿದಳು. "ಮೊದ್ಲು ಮನೇಲಿ ಡ್ರೈವರಣ್ಣ ಅಂಗಂದ, ಡ್ರೈವರಣ್ಣ ಇಂಗಂದ ಅಂತಿದ್ಲು. ಈಗ ಆ ಮಾತು ನಿಂತೋಗೈತೆ. ಮೊನ್ನೆ ಮೊಗಾನ ಬೈಯ್ತಾ, ಕಾಲು ಚಾಚ್ಬೇಡ, 'ಅವರು' ಎಷ್ಟು ಚೆಂದ ಕಟ್ಟಿಕೊಟ್ಟವ್ರೆ ನೋಡು, ಅಂದ್ಲು. ಅವರು! ಗಂಡನ್ನ ನಾನೂ ಅಂಗೇ ಅಂತಿದ್ದೆ ಕಣಪ್ಪಾ. ಅಂದ್ಮ್ಯಾಕೆ ಅವಳೇ ಬೆಚ್ಚಿಬಿದ್ದು ಅಡುಗೆಮನೆಗೆ ಓಡೋದ್ಲು. ಅಳ್ತಿದ್ಲು."

ಕೋದಂಡಪ್ಪ ಕಾರಿನ ಬಾಗಿಲು ಹಿಡಿದುಕೊಂಡ.

"ನನ್ ಮಗ ಸತ್ತೋದ. ಸೊಸೇನ ಕಟ್ಟಾಕಿ ಕೂರಿಸ್ಕೊಳ್ಳೋಷ್ಟು ಪಾಪಿ ನಾನಲ್ಲ. ಆದ್ರೆ ಆ ಕೂಸು ಬಿಟ್ರೆ ನಂಗ್ಯಾರೂ ಇಲ್ಲ." ಮುದುಕಿ ಚೀಲವನ್ನು ಮಡಿಲಿಗೆ ಒತ್ತಿಕೊಂಡಳು. "ಅದನ್ನ ನನ್ ಕಣ್ಣಿಂದ ಮರೆ ಮಾಡ್ಬಿಟ್ರೆ ನಾನು ಬದ್ಕಲ್ಲ."

"ಅವ್ವಾ," ಅಂದ ಅವನು, ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು. "ಮೊಗಾನ ನಿಮ್ಮಿಂದ ಕರ್ಕೊಂಡೋಗಾಕೆ ನಾನ್ಯಾರು? ಅವ್ರು ಊಂ ಅಂದ್ರೆ ನಾನೇ ನಿಮ್ಮೂರಿಗೆ ಬತ್ತೀನಿ. ನಿಮ್ಮನೆ ಮುಂದೇನೇ ಕಾರು ನಿಲ್ಲಿಸ್ತೀನಿ."

ಪಾಪಕ್ಕ ಕಣ್ಣೊರೆಸಿಕೊಂಡು ಇಳಿದಳು. "ಅವಳನ್ನೇ ಕೇಳು," ಅಂದಳು.

ಸೋಮವಾರ ಅವನು ಕೇಳಬೇಕಾಗಿ ಬರಲಿಲ್ಲ. ಟೀ ಕುಡಿದು ಬರುವಾಗ ಅವಳೇ ಅವನ ಕಾರಿನ ಮುಂದಿನ ಬಾಗಿಲು ತೆಗೆದು, ಕುರ್ಚಿಯಿಟ್ಟು, ಬಗ್ಗಿ ಪಟ್ಟಿ ಎಳೆಯುತ್ತಿದ್ದಳು. ಮಗುವನ್ನು ಕದಿರಪ್ಪ ಎತ್ತಿಕೊಂಡು ನಿಂತಿದ್ದ. ಕೋದಂಡಪ್ಪ ಇನ್ನೊಂದು ಕಡೆಯಿಂದ ಬಗ್ಗಿ ಪಟ್ಟಿಯ ತುದಿ ಹಿಡಿದ. ಕುರ್ಚಿಯ ಎರಡೂ ಬದಿಗೆ ಇಬ್ಬರ ಮುಖ.

"ನಾಲ್ಕು ವರ್ಷ ತುಂಬೋ ತನಕ ಅವಳು ಹೀಗೇ ಕೂರ್ಲಿ ಅಂತ ತೀರ್ಮಾನ ಮಾಡಿದ್ದೀನಿ," ಎಂದಳು ಮುನಿರತ್ನಮ್ಮ, ಅವನನ್ನು ನೋಡದೆ. "ಯಾರೇನಾದ್ರೂ ಅಂದ್ಕೊಳ್ಳಲಿ."

"ಕುರ್ಚಿ ಸಾಲಲ್ಲ. ದೊಡ್ಡದು ಮಾಡಿಸ್ಬೇಕು."

"ಮಾಡಿಸೋಣ." ಆ 'ಸೋಣ'ಕ್ಕೆ ಅವಳ ಮುಖ ಕೆಂಪಾಯಿತು. ಪಟ್ಟಿಯ ಮೇಲಿನ ಬೆರಳು ನಿಂತಿತು. "ಅಲ್ಲೀ ತನಕ ನೀವು ಇರ್ತೀರಾ?"

"ಇರ್ತೀನಿ."

ಅವಳು ಈಗ ತಲೆಯೆತ್ತಿದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. "ತಿರುಗಿಸಿ ಕೂರಿಸಿದ ಮೇಲೆ?"

"ಆಮ್ಯಾಕೂ ಇರ್ತೀನಿ, ರತ್ನ. ಅವಳು ದೊಡ್ಡೋಳಾಗಿ, ನಮ್ಮಿಬ್ರಿಗೂ ಬೆನ್ನು ಮಾಡಿ ಗಂಡನ ಮನೆಗೆ ಓದ್ಮ್ಯಾಕೂ ಇರ್ತೀನಿ."

ಅವಳು ಪಟ್ಟಿಯ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು, ಸ್ಟ್ಯಾಂಡಿನ ಅಷ್ಟೂ ಜನರ ಮುಂದೆ, ತೆಗೆಯಲಿಲ್ಲ.